ತಗಡಿನ ದನಿಯೇ ಕೈ ಹಿಡಿಯಿತು

‘ಮಿಸ್, ಧಮ ಒಂಬತ್ತು ಅಂದ್ರೆ ಏನು?’

ಹುಡುಗ ಹೀಗೆ ಕೇಳಿದಾಗ ನನಗೂ ತಲೆಬುಡ ಗೊತ್ತಾಗಲಿಲ್ಲ. ಟ್ಯಾಬ್ ಪಾಠ ಓದಿ ಹೇಳುತ್ತಿತ್ತು, ಅವನು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಪುಸ್ತಕ ತೆರೆದು ನೋಡಿದರೆ ಅಲ್ಲಿ ಇದ್ದದ್ದು ‘ಧರ್ಮ’. ಫೋಟೋದಿಂದ ಅಕ್ಷರ ಎತ್ತುವ ಒಸಿಆರ್, ಅರ್ಕಾವತ್ತನ್ನು ಕನ್ನಡದ ೯ ಅಂತ ತಿಳಿದುಕೊಂಡಿತ್ತು. ದನಿ ಪಾಪ, ಕೊಟ್ಟದ್ದನ್ನು ಓದಿತ್ತು. ಮುಂದಿನ ಪುಟದಲ್ಲಿ ‘ಸೂಯ ಒಂಬತ್ತು’ ಉದಯಿಸಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ಓದಿನ ಹೊತ್ತಿನಲ್ಲಿ ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು.

ಆಗ ಅವನು 6ನೇ ಕ್ಲಾಸು. ಡಿಸ್ಲೆಕ್ಸಿಯಾ (ಓದೋಕೆ, ಬರೆಯೋಕೆ ತೊಡಕು), ಜೊತೆಗೆ ಗಮನ ಒಂದು ಕಡೆ ನಿಲ್ಲದ ಎಡಿಎಚ್‌ಡಿ. ಬಾಯಲ್ಲಿ ಕೇಳಿದರೆ ಎಲ್ಲಾ ಗೊತ್ತು. ಪುಟ ಮುಂದಿಟ್ಟರೆ ನೀರು ಕುಡಿಯೋಕೆ ಏಳುತ್ತಾನೆ. ಅಂಗವಿಕಲತೆಯ ಸರ್ಟಿಫಿಕೇಟ್ ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಗಳಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಆದರೆ ಸರ್ಟಿಫಿಕೇಟ್ ಇಟ್ಟುಕೊಂಡು ಪಾಠ ಓದೋಕಾಗುತ್ತಾ?

ನಾನು ಯಂತ್ರದ ದನಿ ಕೇಳಿಸಿ ಓದಿಸುತ್ತೇನೆ ಅಂದಾಗ ಯಾರೂ ಒಪ್ಪಲಿಲ್ಲ. ‘ಕೇಳೋದು ಅಭ್ಯಾಸವಾದರೆ ಓದೋದನ್ನೇ ಬಿಟ್ಟುಬಿಡ್ತಾನೆ’ ಅಂದರು ಅವನ ಕ್ಲಾಸ್ ಟೀಚರ್. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಇನ್ನೂ ಮುಂದೆ ಹೋಗಿ, ಇದು ಸೋಮಾರಿತನ ಕಲಿಸುವ ದಾರಿ ಅಂದರು. ಅವರಿಬ್ಬರೂ ಈಗ ಇದೇ ಏರ್ಪಾಡನ್ನು ತಮ್ಮ ಮಕ್ಕಳಿಗೆ ಹಾಕಿಕೊಡಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲು ದುಡ್ಡು ಹೋದ ಕಥೆ. ಸಾಲಿನ ಮೇಲೆ ಎಳೆದರೆ ಓದಿ ಹೇಳುವ ಪೆನ್ ಒಂದನ್ನು ಅವನ ಅಪ್ಪ ತಂದರು. 16–17 ಸಾವಿರ ಇರಬೇಕು. ಡಬ್ಬಿಯ ಮೇಲೆ ಹತ್ತಾರು ಭಾಷೆಗಳ ಪಟ್ಟಿ, ಅದರಲ್ಲಿ ಕನ್ನಡ ಇಲ್ಲ. ಮಾರಿದಾಗ ಅರ್ಧ ಬಂತು. ಆಮೇಲೆ ನಾನೇ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ, ಸುಮಾರು 5 ಸಾವಿರ. ದನಿ ಬಹಳ ಚೆನ್ನಾಗಿತ್ತು, ಥೇಟ್ ಮನುಷ್ಯರ ಹಾಗೆ. ಆ ಚೆಂದವೇ ಕೈಕೊಟ್ಟಿತು. ಮನುಷ್ಯರ ಹಾಗೆಯೇ ಪದಕ್ಕೆ ಪದ ಅಂಟಿಸಿಕೊಂಡು ಓದುತ್ತಿತ್ತು. ಹುಡುಗನ ಬೆರಳು ಎರಡನೇ ಪದದಲ್ಲಿದ್ದರೆ ದನಿ ಐದನೇ ಪದದಲ್ಲಿ. ವೇಗ ಇಳಿಸಿದೆ. ಪದಗಳು ಹಿಗ್ಗಿದವು, ‘ಮಾಆಆಡಿದನು’ ಅನ್ನುವ ಹಾಗೆ, ಆದರೆ ನಡುವಿನ ಬಿಡುವು ಹಿಗ್ಗಲಿಲ್ಲ. ಅವನಿಗೆ ನಿದ್ದೆ ಬಂತು.

ಅವನ ಅಮ್ಮನ ದನಿಯಲ್ಲೇ ರೆಕಾರ್ಡ್ ಮಾಡಿಸಿ ನೋಡಿದೆವು. ಮೂರನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಆಕೆಯ ದನಿಯಲ್ಲಿ ಬೈಗುಳದ ರಾಗ ಬಂದುಬಿಟ್ಟಿತು! ಅದನ್ನು ಅಲ್ಲಿಗೇ ಬಿಟ್ಟೆವು.

ಕೊನೆಗೆ ನೆನಪಾಗಿದ್ದು ಇ-ಸ್ಪೀಕ್, ಬರಹವನ್ನು ದನಿಯಲ್ಲಿ ಓದಿ ಹೇಳುವ ಸಾಫ್ಟ್‌ವೇರ್. ಉಚಿತ, ಇಂಟರ್‌ನೆಟ್ ಬೇಡ, ಕನ್ನಡ ಇದೆ. ಎಲ್ಲರೂ ‘ತಗಡಿನ ದನಿ’ ಅಂತ ಮೂಗು ಮುರಿಯುತ್ತಾರೆ. ಇರಲಿ. ಅದರಲ್ಲಿ ವೇಗ ಬೇರೆ, ಪದಗಳ ನಡುವಿನ ಬಿಡುವು ಬೇರೆ. ಎರಡನ್ನೂ ಬೇರೆ ಬೇರೆಯಾಗಿ ತಿರುಗಿಸಬಹುದು. ವೇಗ ತಾನಾಗಿ ನಿಮಿಷಕ್ಕೆ 175 ಪದ ಇರುತ್ತದೆ, ನಾನು 120ರ ಆಸುಪಾಸಿಗೆ ಇಳಿಸಿದೆ. ಬಿಡುವಿನ ಲೆಕ್ಕ 10 ಮಿಲಿಸೆಕೆಂಡಿಗೆ ಒಂದರಂತೆ. 25 ಇಟ್ಟೆ, ಅಂದರೆ ಹೆಚ್ಚುಕಡಿಮೆ ಕಾಲು ಸೆಕೆಂಡು. ವೇಗ ಇಳಿಸಿದಷ್ಟೂ ಅದು ಇನ್ನಷ್ಟು ಹಿಗ್ಗುತ್ತದೆ. ಆ ಕಾಲು ಸೆಕೆಂಡಿನಲ್ಲಿ ಬೆರಳು ಮುಂದಿನ ಪದಕ್ಕೆ ಜಿಗಿಯುತ್ತದೆ. ಇಷ್ಟೇ. ಎರಡನೇ ದಿನ ಬೆರಳೂ ದನಿಯೂ ಒಟ್ಟಿಗೆ ಸಾಲಿನ ಕೊನೆ ಮುಟ್ಟಿದವು. ಅವನು ತಲೆ ಎತ್ತಿ ನನ್ನನ್ನೇ ನೋಡಿದ.

ಪುಟದ ತಯಾರಿಯೇ ದೊಡ್ಡ ತಲೆನೋವು. ಪಿಡಿಎಫ್ ಇದ್ದರೆ ಸುಲಭ ಅಂದುಕೊಂಡಿದ್ದೆ. ಈಗ ಫೋನು, ಕಂಪ್ಯೂಟರು ಕನ್ನಡ ಅಕ್ಷರ ಗುರುತಿಸುವುದು ಯುನಿಕೋಡ್ ಅನ್ನುವ ಒಂದೇ ಸಂಕೇತದಿಂದ. ಯುನಿಕೋಡ್‌ಗಿಂತ ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಏನು ಬರುತ್ತೆ ಗೊತ್ತಲ್ವಾ? ‘ನ’ ಇದ್ದಲ್ಲೆಲ್ಲ ಪೌಂಡಿನ ಗುರುತು. ಅದನ್ನು ಯುನಿಕೋಡ್‌ಗೆ ತಿರುಗಿಸುವ ಕನ್ವರ್ಟರ್‌ಗಳಿವೆ, ನೂರಕ್ಕೆ 95 ಸರಿ ಬರುತ್ತೆ. ಫೋಟೋ ಆದರೆ ಒಸಿಆರ್, ಮತ್ತೆ ಆ ಒಂಬತ್ತಿನ ಕಾಟ. ಹುಡುಕಿ ಬದಲಿಸುವ ಒಂದು ಪಟ್ಟಿ ಮಾಡಿಕೊಂಡೆ, ಈಗ ಸುಮಾರು 140 ಸಾಲು ಇದೆ. ಯಾವುದನ್ನು ಮೊದಲು ಬದಲಿಸಬೇಕು, ಯಾವುದನ್ನು ಆಮೇಲೆ ಅನ್ನುವುದರಲ್ಲೇ ಗುಟ್ಟಿರುವುದು. ಆ ಪಟ್ಟಿ ಮಾತ್ರ ಕೇಳಬೇಡಿ, ಮೂರು ತಿಂಗಳ ನಿದ್ದೆ ಅದು. ಒಂದು ಸುಳಿವು ಕೊಡುತ್ತೇನೆ. ಅಕ್ಷರಕ್ಕೆ ಅಂಟಿಕೊಂಡ ೯ ಬೇರೆ, ಎರಡೂ ಕಡೆ ಜಾಗ ಇರುವ ೯ ಬೇರೆ.

ಅರ್ಕಾವತ್ತಿನ ಬಗ್ಗೆ ಇನ್ನೂ ಒಂದು ಮಾತು. ‘ಸೂರ್ಯ’ ಅನ್ನುವಾಗ ಬಾಯಲ್ಲಿ ‘ರ’ ಮೊದಲು, ‘ಯ’ ಆಮೇಲೆ. ಕಣ್ಣಿಗೆ ‘ಯ’ ಮೊದಲು ಸಿಗುತ್ತದೆ, ಆ ಕೊಂಡಿ ಆಮೇಲೆ. ನಮಗೆ ಅಭ್ಯಾಸವಾಗಿ ಕಾಣುವುದೇ ಇಲ್ಲ. ಈ ಹುಡುಗ ಪ್ರತಿ ಸಲ ‘ಸೂಯರ್’ ಅಂತಿದ್ದ. ನಾನು ‘ರ’ ಆದಮೇಲೆ ಜೋಡಿಸುವ ಕಾಣದ ಗುರುತು ಹಾಕಿ ಎಲ್ಲವನ್ನೂ ‘ಸೂರ‍್ಯ’, ‘ಧರ‍್ಮ’ ಮಾಡಿಬಿಟ್ಟೆ. ತಪ್ಪೇನಲ್ಲ, ಹಾಗೆ ಅಚ್ಚು ಹಾಕುವವರೂ ಇದ್ದಾರೆ. ‘ಸೂಯರ್’ ಒಂದೇ ವಾರದಲ್ಲಿ ನಿಂತಿತು. ಆದರೆ ನನ್ನ ಟ್ಯಾಬಿನಲ್ಲಿ ಆ ಕಾಣದ ಗುರುತು ಬಂದಲ್ಲಿ ದನಿ ಎಡವುತ್ತಿತ್ತು. ಹಾಗಾಗಿ ಎರಡು ಪ್ರತಿ, ಕಣ್ಣಿಗೆ ಒಂದು, ಕಿವಿಗೆ ಒಂದು.

ಗೆದ್ದ ಹುರುಪಿನಲ್ಲಿ ಎಲ್ಲಾ ಒತ್ತಕ್ಷರಗಳನ್ನೂ ಬಿಡಿಸಿ ಹಾಕಿದೆ. ‘ಅಕ್‌ಕ’, ‘ಹಣ್‌ಣು’ ಅಂತ. ಸರಸರ ಓದಿದ. ಖುಷಿಯಾದೆ. ಹತ್ತು ದಿನಕ್ಕೆ ಕಾಪಿಯಲ್ಲೂ ‘ಅಕ್‌ಕ’ ಅಂತ ಬರೆಯೋಕೆ ಶುರು ಮಾಡಿದ. ಕ್ಲಾಸ್ ಟೀಚರ್ ನನಗೆ ಫೋನ್ ಮಾಡಿ ಚೆನ್ನಾಗಿಯೇ ಕೇಳಿದರು. ತಪ್ಪು ನನ್ನದೇ, ವಾಪಸ್ ತೆಗೆದೆ.

ಫಾಂಟಿನ ಹುಚ್ಚೂ ಹಿಡಿದಿತ್ತು. ಡಿಸ್ಲೆಕ್ಸಿಯಾ ಇರುವವರಿಗೆಂದೇ 2011ರಲ್ಲಿ ಬಂದ ಓಪನ್‌ಡಿಸ್ಲೆಕ್ಸಿಕ್‌ನಲ್ಲಿ ಕನ್ನಡ ಇಲ್ಲ. ಇಂಗ್ಲಿಷಿನಲ್ಲೂ ಅದರಿಂದ ಓದಿನ ವೇಗ ಹೆಚ್ಚಿದ್ದು ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ. ಅಕ್ಷರಗಳ ನಡುವೆ ಜಾಗ ಹೆಚ್ಚಿಸಿದರೆ ಅನುಕೂಲ ಅಂತ 2012ರಲ್ಲಿ ಇಟಲಿ, ಫ್ರಾನ್ಸಿನ ಮಕ್ಕಳಲ್ಲಿ ಕಂಡುಬಂದಿತ್ತು. ಅದನ್ನು ನೆಚ್ಚಿಕೊಂಡು ಕನ್ನಡಕ್ಕೆ ಹಾಕಿದರೆ ದೀರ್ಘ ಒಂದು ಕಡೆ, ಅಕ್ಷರ ಒಂದು ಕಡೆ. ನಮಗೆ ಬೇಕಾದದ್ದು ಸಾಲುಗಳ ನಡುವಿನ ಜಾಗ. ‘ರಾಷ್ಟ್ರ’ದಲ್ಲಿ ಎರಡು ಒತ್ತು ಕೆಳಗೆ ಇಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನೋಟೋ ಸ್ಯಾನ್ಸ್ ಕನ್ನಡ ಫಾಂಟ್, 20 ಪಾಯಿಂಟ್, ಸಾಲಿನ ಅಂತರ ಎರಡರಷ್ಟು. ಅಲ್ಲಿಗೆ ನಿಲ್ಲಿಸಿದೆ. ಪುಟದ ಮೇಲಿಡುವ ಬಣ್ಣದ ಪ್ಲಾಸ್ಟಿಕ್ ಹಾಳೆ ಸುಮ್ನೆ ದಂಡ. ಅದಕ್ಕಿಂತ ಮದುವೆ ಕಾರ್ಡಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕತ್ತರಿಸಿಕೊಟ್ಟದ್ದು ಜಾಸ್ತಿ ಉಪಯೋಗಕ್ಕೆ ಬಂತು.

ಉದ್ದ ಪದಗಳನ್ನು ಮಾತ್ರ ಬಿಡಿಸುತ್ತೇನೆ, ಅದೂ ಸಂಧಿಯಲ್ಲಿ. ‘ಹೋಗಬೇಕಾಗಿರುವುದರಿಂದ’ ಅನ್ನುವುದು ‘ಹೋಗಬೇಕಾಗಿ ಇರುವುದರಿಂದ’ ಆಗುತ್ತದೆ. ಕಣ್ಣಿಗೂ ಕಿವಿಗೂ ಎರಡು ಪದ.

ಓದುವ ಕ್ರಮ ಹೀಗೆ: ನಾಲ್ಕೈದು ಸಾಲು, ಮೊದಲು ಬರೀ ಕೇಳುವುದು, ಆಮೇಲೆ ಬೆರಳಿಟ್ಟು ಕೇಳುವುದು, ಆಮೇಲೆ ದನಿ ಆಫ್ ಮಾಡಿ ಅವನೇ ಓದುವುದು. ಮೂರನೆಯದನ್ನು ಬಿಟ್ಟರೆ ಕ್ಲಾಸ್ ಟೀಚರ್ ಹೇಳಿದ್ದೇ ನಿಜವಾಗುತ್ತದೆ.

ಬರೆಯುವುದಕ್ಕೆ ಫೋನಿನ ವಾಯ್ಸ್ ಟೈಪಿಂಗ್. ಗೂಗಲ್ 2017ರಲ್ಲಿ ಕನ್ನಡ ಸೇರಿಸಿದಾಗಿನಿಂದ ನಾವೆಲ್ಲ ಬಳಸಿದ್ದೇವೆ. ತೊಡಕು ಬೇರೆ ಕಡೆ ಇತ್ತು. ಅವನು ‘ಹೋಗ್ತೀನಿ’ ಅಂದರೆ ಪರದೆಯ ಮೇಲೂ ‘ಹೋಗ್ತೀನಿ’. ಪಾಠದ ಕನ್ನಡದಲ್ಲಿ ಹೇಳು ಅಂದರೆ ಬಾಯೇ ಕಟ್ಟಿಹೋಗುತ್ತಿತ್ತು. ಹಾಗಾಗಿ ಮೊದಲು ತನ್ನ ಮಾತಿನಲ್ಲಿ ಎಲ್ಲ ಹೇಳಿ ಮುಗಿಸುತ್ತಾನೆ. ಆಮೇಲೆ ತಗಡಿನ ದನಿ ಅದನ್ನು ಓದುತ್ತದೆ. ಆ ದನಿಯಲ್ಲಿ ‘ಹೋಗ್ತೀನಿ’ ಕೇಳಿದರೆ ಅವನಿಗೇ ನಗು ಬಂದು ತಿದ್ದುತ್ತಾನೆ. ಬಿಟ್ಟುಹೋದ ಪದವೂ ಆಗಲೇ ಸಿಕ್ಕಿಬೀಳುತ್ತದೆ. ಕೊನೆಗೆ ಅದನ್ನು ನೋಡಿಕೊಂಡು ಕೈಯಲ್ಲಿ ಬರೆಯುತ್ತಾನೆ.

ಲೆಕ್ಕ ಹೇಳುವುದಾದರೆ, ಮೊದಲು ಒಂದು ಪುಟಕ್ಕೆ ಅರ್ಧ ಗಂಟೆ, ಜೊತೆಗೆ ಅಳು. ಈಗ ಗೊತ್ತಿಲ್ಲದ ಪುಟ ದನಿ ಇಲ್ಲದೆ 9–10 ನಿಮಿಷ. ಉತ್ತರ ಮೂರು ಸಾಲಿನಿಂದ ಒಂದು ಪುಟ ದಾಟಿದೆ. ಹಳೆ ಟ್ಯಾಬ್ 6,500, ಹೆಡ್‌ಫೋನ್ 600, ಉಳಿದದ್ದು ನನ್ನ ಹಳೆ ಲ್ಯಾಪ್‌ಟಾಪ್. ಕೆಲಸಕ್ಕೆ ಬಾರದ್ದಕ್ಕೆ ಸುರಿದದ್ದು ಇದರ ಮೂರರಷ್ಟು ಹತ್ತಿರ.

ಹೋದ ತಿಂಗಳು ಸೆಟ್ಟಿಂಗ್ ನೋಡಿದರೆ ಬಿಡುವು 25ರಿಂದ 8ಕ್ಕೆ ಇಳಿದಿತ್ತು. ನಾನು ಮುಟ್ಟಿರಲಿಲ್ಲ. ಕೇಳಿದ್ದಕ್ಕೆ, ‘ಅದು ಸುಮ್ನೆ ಕಾಯಿಸುತ್ತೆ ಮಿಸ್’ ಅಂದ.