ಬಾಡಿಗೆ ಎಪಿಐ ಬಿಟ್ಟು ಸ್ವಂತ ಕೋಡ್ ರನ್ನರ್ ಕಟ್ಟಿದೆ: ನನ್ನ ಅನುಭವ

ನಮ್ಮ ಕೋಡಿಂಗ್ ಅಭ್ಯಾಸದ ಸೈಟಿನಲ್ಲಿ ಈಗ ಒಂಬತ್ತು ಭಾಷೆಗಳ ಕೋಡ್ ಓಡುತ್ತದೆ. ಎಲ್ಲಕ್ಕೂ ಸೇರಿ ಇರುವುದು ನಾಲ್ಕು ಕೋರ್, ಎಂಟು ಜಿಬಿ ರ‍್ಯಾಮಿನ ಒಂದೇ ಸರ್ವರ್. ಮೊದಲು ಹೊರಗಿನ ಒಂದು ಪೇಯ್ಡ್ ಎಪಿಐಗೆ (ನಾವು ಕಳಿಸಿದ ಕೋಡನ್ನು ತಮ್ಮ ಸರ್ವರಿನಲ್ಲಿ ಓಡಿಸಿ ಉತ್ತರ ಕೊಡುವ ಸೇವೆ) ಕಟ್ಟುತ್ತಿದ್ದ ಬಿಲ್ಲಿನಲ್ಲಿ ಐದನೇ ಒಂದು ಭಾಗವೂ ಈಗ ಖರ್ಚಾಗುತ್ತಿಲ್ಲ. "ಯಾರ‍್ಯಾರೋ ಬರೆದ ಕೋಡನ್ನು ನಿನ್ನ ಮೆಷಿನ್ನಿನಲ್ಲಿ ಓಡಿಸ್ತೀಯಾ ಮಾರಾಯ? ವಾರ ಕೂಡ ಬಾಳಲ್ಲ" ಎಂದು ಗೆಳೆಯರು ಹೇಳಿದ್ದರು. ವರ್ಷ ದಾಟಿದೆ, ಗಟ್ಟಿಯಾಗಿ ನಿಂತಿದೆ. ಕೇಳಿದವರಿಗೆಲ್ಲ ತುಂಡು ತುಂಡಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಎಪಿಐ ಬಿಡಲು ಕಾರಣ ದುಡ್ಡು, ಬೇರೇನೂ ಅಲ್ಲ. ಅವರ ಲೆಕ್ಕ ಪ್ರತಿ ಓಟಕ್ಕೆ. ಹೊಸದಾಗಿ ಕಲಿಯುವವರು ಒಂದು ಸಾಲು ಬರೆದು ರನ್ ಒತ್ತುತ್ತಾರೆ, ಒಂದು ಬ್ರ್ಯಾಕೆಟ್ ಹಾಕಿ ಮತ್ತೆ ಒತ್ತುತ್ತಾರೆ. ಸಬ್ಮಿಟ್ ಮಾಡಿದರೆ ಹತ್ತು ಟೆಸ್ಟ್ ಕೇಸ್, ಅಂದರೆ ಹತ್ತು ಓಟ. ಬಳಕೆದಾರರು ಎರಡು ಪಟ್ಟಾದಾಗ ಬಿಲ್ ನಾಲ್ಕು ಪಟ್ಟು ಹತ್ತಿರ ಬಂತು. ಪುಕ್ಕಟೆ ಸಿಗುವ ಸೇವೆಗಳಲ್ಲಿ ಸೆಕೆಂಡಿಗೆ ಇಷ್ಟೇ ಎಂಬ ಮಿತಿ ಇರುತ್ತದೆ. ನಲವತ್ತು ಜನ ಒಟ್ಟಿಗೆ ರನ್ ಒತ್ತಿದರೆ ಅದು ಸಾಲುವುದಿಲ್ಲ.

ಮೊದಲು ಎಲ್ಲರೂ ಮಾಡುವಂತೆ ಪ್ರತಿ ಓಟಕ್ಕೂ ಒಂದು ಡಾಕರ್ ಕಂಟೇನರ್ (ಉಳಿದ ಸಿಸ್ಟಮ್‌ನಿಂದ ಬೇರ್ಪಡಿಸಿದ ಪೆಟ್ಟಿಗೆ) ಎಬ್ಬಿಸಿ ನೋಡಿದೆ. ಪೈಥಾನಿನ ಹಲೋ ವರ್ಲ್ಡ್ ಮುಗಿಯಲು ಸುಮಾರು 20 ಮಿಲಿಸೆಕೆಂಡ್ ಸಾಕು. ಕಂಟೇನರ್ ಏಳಲು ಅರ್ಧ ಸೆಕೆಂಡಿಗಿಂತ ಜಾಸ್ತಿ. ಮೇಲಾಗಿ ಎಲ್ಲ ಕಂಟೇನರ್‌ಗಳಿಗೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಂದೇ, ಅದನ್ನೇ ನಂಬಿ ಮಲಗುವ ಹಾಗಿಲ್ಲ. ಆಮೇಲೆ ಜಿವೈಸರ್ ಹಾಕಿದೆ. ಸಿಸ್ಟಮ್ ಕಾಲ್‌ಗಳನ್ನು, ಅಂದರೆ ಪ್ರೋಗ್ರಾಂ ಕರ್ನಲ್ ಮುಂದೆ ಇಡುವ ಬೇಡಿಕೆಗಳನ್ನು, ಅದು ತಾನೇ ಹಿಡಿದು ನಿಭಾಯಿಸುತ್ತದೆ, ಭದ್ರತೆ ಚೆನ್ನಾಗಿದೆ. ಆದರೆ ಕಂಪೈಲರ್‌ಗಳು ನೂರಾರು ಚಿಕ್ಕ ಫೈಲ್ ತೆರೆಯುತ್ತವಲ್ಲ, ಅಲ್ಲಿ ಸಮಯ ಹೆಚ್ಚುಕಡಿಮೆ ದುಪ್ಪಟ್ಟಾಯಿತು. 2018ರಲ್ಲಿ ಬಂದ ಫೈರ್‌ಕ್ರ್ಯಾಕರ್ ಮೇಲೆ ನನಗೆ ತುಂಬ ಆಸೆ ಇತ್ತು. 125 ಮಿಲಿಸೆಕೆಂಡಿನೊಳಗೆ ಒಂದು ಪುಟ್ಟ ವರ್ಚುವಲ್ ಮೆಷಿನ್ ಎದ್ದು ನಿಲ್ಲುತ್ತದೆ. ಆದರೆ ಅದಕ್ಕೆ ಕೆವಿಎಂ ಬೇಕು, ಲಿನಕ್ಸ್ ಕರ್ನಲ್‌ನಲ್ಲೇ ಇರುವ ವರ್ಚುವಲ್ ಮೆಷಿನ್ ಸೌಲಭ್ಯ ಅದು. ನಾನು ಬಾಡಿಗೆಗೆ ಹಿಡಿದಿದ್ದೇ ವರ್ಚುವಲ್ ಸರ್ವರ್, ಅದರೊಳಗೆ ಕೆವಿಎಂ ಸಿಗಲಿಲ್ಲ. ಪೂರ್ತಿ ಮೆಷಿನ್ ಹಿಡಿದರೆ ಉಳಿತಾಯವೆಲ್ಲ ಅಲ್ಲೇ ಹೋಗುತ್ತದೆ.

ಕೊನೆಗೆ ನಿಂತದ್ದು ಐಸೊಲೇಟ್ ಮೇಲೆ. ಪ್ರೋಗ್ರಾಮಿಂಗ್ ಒಲಿಂಪಿಯಾಡ್‌ನವರ ಲೋಕದಲ್ಲಿ ಹುಟ್ಟಿದ ಸ್ಯಾಂಡ್‌ಬಾಕ್ಸ್ ಸಾಧನ ಇದು, ಅಂದರೆ ನಂಬಲಾಗದ ಕೋಡನ್ನು ಹೊರಗೆ ಬಿಡದೆ ಪೆಟ್ಟಿಗೆಯೊಳಗೇ ಓಡಿಸುವಂಥದ್ದು. ಕೋಡ್ ಓಡಿಸುವ ಸಿದ್ಧ ವ್ಯವಸ್ಥೆಯಾದ ಜಡ್ಜ್ ಝೀರೋ ಒಳಗೂ ಇದೇ ಇದೆ. ಜಡ್ಜ್ ಝೀರೋವನ್ನೇ ಇಡಿಯಾಗಿ ಹಾಕಬಹುದಿತ್ತು. ಆದರೆ ಅದರ ಜೊತೆ ಪೋಸ್ಟ್‌ಗ್ರೆಸ್, ರೆಡಿಸ್ ಎಂಬ ಡೇಟಾಬೇಸ್‌ಗಳೆಲ್ಲ ಬರುತ್ತವೆ, ನನಗೆ ಬೇಕಿದ್ದದ್ದು ಅದರಲ್ಲಿ ಅರ್ಧ. ಹಾಗಾಗಿ ಐಸೊಲೇಟ್ ನೇರವಾಗಿ ತೆಗೆದುಕೊಂಡು, ಮುಂದೆ ಗೋ ಭಾಷೆಯಲ್ಲಿ ಓಟಗಳನ್ನು ಸರದಿಯಲ್ಲಿ ನಿಲ್ಲಿಸುವ ಒಂದು ಚಿಕ್ಕ ಕ್ಯೂ ಬರೆದೆ. 2024ರಲ್ಲಿ ಜಡ್ಜ್ ಝೀರೋದಲ್ಲಿ ಸ್ಯಾಂಡ್‌ಬಾಕ್ಸ್ ದಾಟುವ ದೋಷಗಳು ಬಯಲಾದವು, 1.13.1ರಲ್ಲಿ ಸರಿಪಡಿಸಿದರು. ಆ ವರದಿಯನ್ನು ಈ ಕೆಲಸ ಮಾಡುವ ಎಲ್ಲರೂ ಓದಬೇಕು. ಪೆಟ್ಟಿಗೆಯೊಳಗೆ ಬಳಕೆದಾರ ಇಟ್ಟ ಸಿಮ್‌ಲಿಂಕನ್ನು (ಬೇರೊಂದು ಫೈಲಿನತ್ತ ಕೈ ತೋರುವ ಫೈಲು) ಹೊರಗಿನ ಪ್ರೋಗ್ರಾಂ ಹಿಂದೆಮುಂದೆ ನೋಡದೆ ಹಿಂಬಾಲಿಸಿತ್ತು, ತೂತು ಇದ್ದದ್ದು ಅಲ್ಲಿ. ನನ್ನಲ್ಲಿ ಬಳಕೆದಾರನ ಕೋಡ್ ಒಮ್ಮೆ ಓಡಿದ ಪೆಟ್ಟಿಗೆಯೊಳಗೆ ಹೊರಗಿನ ಪ್ರೋಗ್ರಾಂ ಒಂದಕ್ಷರವನ್ನೂ ಬರೆಯುವುದಿಲ್ಲ. ಅಲ್ಲಿಗೆ ಆ ಪೆಟ್ಟಿಗೆ ಮುಗಿಯಿತು, ಮುಂದಿನವರಿಗೆ ಹೊಸದು.

ಅತಿ ಹೆಚ್ಚು ಕಾಡಿದ್ದು ಮೆಮೊರಿ ಮಿತಿ. 256 ಎಂಬಿ ಎಂದು ಇಟ್ಟೆ. ಸಿ, ಪೈಥಾನ್ ಸಲೀಸಾಗಿ ಓಡಿದವು. ಜಾವಾ ಹಲೋ ವರ್ಲ್ಡ್ ಶುರುವಾಗುವ ಮೊದಲೇ ಸತ್ತಿತು. ಗೋ, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಕೂಡ ಅಷ್ಟೇ. ಕಾರಣ ಇಷ್ಟು: ಈ ರನ್‌ಟೈಮ್‌ಗಳು (ಆಯಾ ಭಾಷೆಯ ಕೋಡನ್ನು ಓಡಿಸುವ ವ್ಯವಸ್ಥೆಗಳು) ನಿಜಕ್ಕೂ ಬಳಸುವ ಮೆಮೊರಿ ಕಡಿಮೆ, ಆದರೆ ವಿಳಾಸದ ಜಾಗವನ್ನು ಮೊದಲೇ ದೊಡ್ಡದಾಗಿ ಕಾದಿರಿಸಿಕೊಳ್ಳುತ್ತವೆ. ಐಸೊಲೇಟ್‌ನ ಸಾದಾ ಮೆಮೊರಿ ಮಿತಿ ಎಣಿಸುವುದು ಆ ವಿಳಾಸದ ಜಾಗವನ್ನು. ಸಿಗ್ರೂಪ್, ಅಂದರೆ ಪ್ರೋಸೆಸ್‌ಗಳ ಗುಂಪಿಗೆ ಲಿನಕ್ಸ್ ಕರ್ನಲ್ಲೇ ಹಾಕುವ ಮಿತಿಯಾದರೆ ನಿಜವಾಗಿ ಬಳಸಿದ್ದನ್ನು ಎಣಿಸುತ್ತದೆ. ಅಲ್ಲಿಗೆ ಬದಲಿಸಿದ ಕೂಡಲೇ ಮೂರೂ ಎದ್ದವು. ಐಸೊಲೇಟ್‌ನ ಹಳೆಯ ಆವೃತ್ತಿಗೆ ಸಿಗ್ರೂಪ್‌ನ ಮೊದಲ ಆವೃತ್ತಿ ಬೇಕು, ಈಗಿನ ಲಿನಕ್ಸ್‌ಗಳಲ್ಲಿ ಇರುವುದು ಎರಡನೆಯದು. ಕರ್ನಲ್ ಬೂಟ್ ಸೆಟ್ಟಿಂಗ್ ತಿದ್ದಲು ಹೋಗಬೇಡಿ, ಐಸೊಲೇಟ್ 2 ಹಾಕಿ.

ಪ್ರೋಸೆಸ್ ಮಿತಿಯಲ್ಲೂ ಇದೇ ಕಥೆ. ಫೋರ್ಕ್ ಬಾಂಬ್ (ತನ್ನನ್ನೇ ಕೊನೆಯಿಲ್ಲದೆ ನಕಲು ಮಾಡುವ ಪ್ರೋಗ್ರಾಂ) ತಡೆಯಲು ಒಂದೇ ಪ್ರೋಸೆಸ್ ಎಂದು ಕಟ್ಟಿದರೆ ಜಾವಾ ಓಡಿಸುವ ಜೆವಿಎಂ ಏಳುವುದಿಲ್ಲ, ಅದರ ಥ್ರೆಡ್‌ಗಳೂ ಲೆಕ್ಕಕ್ಕೆ ಬರುತ್ತವೆ. ಭಾಷೆಗೊಂದು ಮಿತಿ ಇಡಬೇಕು. ನನ್ನಲ್ಲಿ ಜಾವಾಕ್ಕೆ 64, ಸಿಗೆ ಒಂದಂಕಿ.

ಇನ್ನು ವೇಗ. ರನ್‌ಟೈಮ್ ಹೋಲಿಕೆ ಎಂದರೆ ಜನ ಕೋಟಿ ಸಲ ಸುತ್ತುವ ಲೂಪ್ ಓಡಿಸಿ ಗ್ರಾಫ್ ಹಾಕುತ್ತಾರೆ. ನಮ್ಮ ಕೆಲಸಕ್ಕೆ ಆ ಗ್ರಾಫ್ ಯಾವುದಕ್ಕೂ ಬರುವುದಿಲ್ಲ. ಅಭ್ಯಾಸದ ಪ್ರೋಗ್ರಾಂ ಓಡುವುದೇ ಕೆಲವು ಮಿಲಿಸೆಕೆಂಡ್. ಉಳಿದ ಸಮಯವೆಲ್ಲ ಶುರುವಾಗಲು, ಕಂಪೈಲ್ ಆಗಲು. ನಾನು ಅದನ್ನೇ ಅಳೆದೆ, ಅಲ್ಲೇ ಕತ್ತರಿ ಹಾಕಿದೆ.

ಗೋ ತೆಗೆದುಕೊಳ್ಳಿ. 1.20ರಿಂದ ಸ್ಟ್ಯಾಂಡರ್ಡ್ ಲೈಬ್ರರಿ ಕಂಪೈಲ್ ಆಗಿ ಬರುವುದಿಲ್ಲ. ಖಾಲಿ ಪೆಟ್ಟಿಗೆಯಲ್ಲಿ ಪ್ರತಿ ಸಲವೂ ಒಂದು ಸಾಲು ಪ್ರಿಂಟ್ ಮಾಡಲು ಬೇಕಾದ ಲೈಬ್ರರಿ ಭಾಗಗಳನ್ನೆಲ್ಲ ಕಟ್ಟುತ್ತಾ ಕೂರುತ್ತದೆ, ಐದಾರು ಸೆಕೆಂಡು. ಬಿಲ್ಡ್ ಕ್ಯಾಶ್ (ಒಮ್ಮೆ ಕಟ್ಟಿದ್ದನ್ನು ಉಳಿಸಿಡುವ ಜಾಗ) ಮೊದಲೇ ತುಂಬಿಸಿ, ಕೆಳಗೆ ಓದಲು ಮಾತ್ರ ಇಟ್ಟು, ಮೇಲೆ ಓಟ ಮುಗಿದ ಮೇಲೆ ಬಿಸಾಡುವ ಓವರ್‌ಲೇ ಪದರ ಹಾಕಿದೆ. ಅರ್ಧ ಸೆಕೆಂಡಿಗೆ ಇಳಿಯಿತು. ಕ್ಯಾಶನ್ನು ಬರೆಯಲು ತೆರೆದಿಟ್ಟರೆ ಒಬ್ಬ ಅದರಲ್ಲಿ ವಿಷ ಬೆರೆಸಿ ಇನ್ನೊಬ್ಬನಿಗೆ ಉಣಿಸಬಹುದು, ಆ ಪದರ ಬೇಕೇ ಬೇಕು.

ಸಿ ಪ್ಲಸ್ ಪ್ಲಸ್‌ನಲ್ಲಿ ಎಲ್ಲರೂ ಬಿಟ್ಸ್ ಹೆಡರ್ (ಸ್ಟ್ಯಾಂಡರ್ಡ್ ಲೈಬ್ರರಿಯನ್ನೆಲ್ಲ ಒಟ್ಟಿಗೆ ತರುವ ಫೈಲು) ಒಂದನ್ನೇ ಎಳೆದುಕೊಳ್ಳುತ್ತಾರೆ. ಅದನ್ನು ಮೊದಲೇ ಕಂಪೈಲ್ ಮಾಡಿಟ್ಟರೆ ಒಂದು ಸೆಕೆಂಡ್ ಚಿಲ್ಲರೆ ಇದ್ದದ್ದು ಅದರ ಮೂರನೇ ಒಂದಕ್ಕೆ ಬರುತ್ತದೆ. ಒಂದು ವಿಷಯ ಮಾತ್ರ ಜೋಪಾನ. ಹೆಡರ್ ಕಟ್ಟುವಾಗ ಕೊಟ್ಟ ಫ್ಲ್ಯಾಗ್‌ಗಳು (ಕಂಪೈಲರ್‌ಗೆ ಕೊಡುವ ಆಯ್ಕೆಗಳು), ಕೋಡ್ ಕಂಪೈಲ್ ಮಾಡುವಾಗಿನ ಫ್ಲ್ಯಾಗ್‌ಗಳು ತಾಳೆಯಾಗಬೇಕು. ಆಪ್ಟಿಮೈಸೇಷನ್ ಮಟ್ಟ ಬೇರೆಯಾದರೂ ಜಿಸಿಸಿ ಕಂಪೈಲರ್ ತುಟಿ ಪಿಟಕ್ಕೆನ್ನದೆ ಹಳೆಯ ನಿಧಾನದ ದಾರಿಗೆ ಹೋಗುತ್ತದೆ. ಅದರ ಎಚ್ಚರಿಕೆಯ ಫ್ಲ್ಯಾಗ್ ಆನ್ ಮಾಡಿಡಿ. ಕಂಪೈಲರ್ ಕೂಡ ಸ್ಯಾಂಡ್‌ಬಾಕ್ಸಿನೊಳಗೇ ಓಡಲಿ. ಯಾರೋ ಇನ್‌ಕ್ಲೂಡ್ ಸಾಲಿನಲ್ಲಿ ಕೊನೆಯೇ ಇಲ್ಲದ ಡಿವೈಸ್ ಫೈಲನ್ನು ಕೊಟ್ಟಿದ್ದ. ಸಮಯ ಮಿತಿ ಅವನನ್ನು ಅಲ್ಲೇ ಹಿಡಿಯಿತು.

ಜಾವಾ ಕಂಪೈಲರ್ ತಾನೇ ಒಂದು ಜಾವಾ ಪ್ರೋಗ್ರಾಂ, ಪ್ರತಿ ಸಲ ತಣ್ಣಗೆ ಎದ್ದರೆ ಸೆಕೆಂಡಿನ ಹತ್ತಿರ ಹೋಗುತ್ತದೆ. ಅದನ್ನು ಒಂದು ಪ್ರೋಸೆಸ್ಸಿನಲ್ಲಿ ಬಿಸಿಯಾಗಿ ಇಟ್ಟುಕೊಂಡು, ಕಂಪೈಲರ್ ಎಪಿಐ ಮೂಲಕ ಕರೆಯುತ್ತೇನೆ. ಆ ಬಿಸಿ ಪ್ರೋಸೆಸ್ಸನ್ನು ಭದ್ರವಾಗಿ ಹೇಗೆ ಇಡುತ್ತೇನೆ, ಯಾವಾಗ ಬದಲಿಸುತ್ತೇನೆ ಅನ್ನುವುದು ನನ್ನ ಬಳಿಯೇ ಇರಲಿ. ಓಟಕ್ಕೆ ಸೀರಿಯಲ್ ಜಿಸಿ (ಬೇಡದ ಮೆಮೊರಿಯನ್ನು ತೆರವು ಮಾಡುವ ಸರಳ ವಿಧಾನ), ಮೊದಲ ಹಂತದ ಜಿಟ್ (ಓಡುತ್ತಿರುವಾಗಲೇ ಕೋಡನ್ನು ಮೆಷಿನ್ ಭಾಷೆಗೆ ತಿರುಗಿಸುವುದು) ಮಾತ್ರ. ಒಟ್ಟು ಒಂದೂವರೆ ಸೆಕೆಂಡಿನಿಂದ 0.4ಕ್ಕೆ ಬಂತು.

ಬಿಲ್ಲಿಗೆ ನಿಜವಾದ ಏಟು ಕೊಟ್ಟದ್ದು ಬ್ರೌಸರ್. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಓಟ ಪೈಥಾನಿನದು. ಅದನ್ನು ಪೈಯೊಡೈಡ್‌ಗೆ ಬಿಟ್ಟೆ, ಅಂದರೆ ಬ್ರೌಸರ್ ಓಡಿಸಬಲ್ಲ ವೆಬ್‌ಅಸೆಂಬ್ಲಿ ರೂಪಕ್ಕೆ ಕಂಪೈಲ್ ಆದ ಸಿಪೈಥಾನ್, ಪೈಥಾನಿನ ಮೂಲ ರನ್‌ಟೈಮ್. ಮೊದಲ ಸಲ ಹತ್ತು ಎಂಬಿ ಆಸುಪಾಸು ಇಳಿಯುತ್ತದೆ, ಆಮೇಲೆ ರನ್ ಒತ್ತಿದರೆ ನಮ್ಮ ಸರ್ವರಿಗೆ ಗೊತ್ತೇ ಆಗುವುದಿಲ್ಲ. ವೇಗ ಎರಡು ಮೂರು ಪಟ್ಟು ಕಡಿಮೆ, ಚಿಕ್ಕ ಲೆಕ್ಕಗಳಿಗೆ ಯಾರೂ ಗಮನಿಸುವುದಿಲ್ಲ. ವೆಬ್ ವರ್ಕರ್ (ಪುಟದ ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ಎಳೆ) ಒಳಗೇ ಓಡಿಸಬೇಕು, ಇಲ್ಲದಿದ್ದರೆ ನಿಲ್ಲದ ಲೂಪ್ ಇಡೀ ಟ್ಯಾಬ್ ಹಿಡಿದುಬಿಡುತ್ತದೆ. ಸ್ಟಾಪ್ ಒತ್ತಿದರೆ ವರ್ಕರನ್ನೇ ಕೊಲ್ಲುತ್ತೇನೆ. ಹೊಸದು ಏಳಲು ಎರಡು ಸೆಕೆಂಡು ಬೇಕಾದ್ದರಿಂದ ಇನ್ನೊಂದು ವರ್ಕರ್ ಹಿಂದೆ ತಯಾರಿರುತ್ತದೆ. ಇನ್‌ಪುಟ್‌ಗೆ ನಡುವೆ ಕಾಯುವಂತೆ ಮಾಡಲು ಶೇರ್ಡ್ ಅರೇ ಬಫರ್ (ಪುಟವೂ ವರ್ಕರೂ ಹಂಚಿಕೊಳ್ಳುವ ಮೆಮೊರಿ) ಬೇಕು, ಅದಕ್ಕೆ ಸರ್ವರ್ ಪುಟದ ಜೊತೆ ಕಳಿಸುವ ಎರಡು ಎಚ್‌ಟಿಟಿಪಿ ಹೆಡರ್ ಹಾಕಬೇಕು. ಹಾಕಿದ ಕೂಡಲೇ ಪಾಠದ ನಡುವೆ ಇದ್ದ ಹೊರಗಿನ ವಿಡಿಯೋಗಳೆಲ್ಲ ಮಾಯ. ಆ ದಾರಿ ಬಿಟ್ಟು ರನ್ ಪುಟವನ್ನೇ ಬೇರೆ ಡೊಮೈನಿಗೆ ಒಯ್ದೆ. ಅಂಕ ಕೊಡುವ ಓಟ ಮಾತ್ರ ಸರ್ವರಿನಲ್ಲೇ, ಬ್ರೌಸರ್ ಕೊಟ್ಟ ಉತ್ತರವನ್ನು ನಂಬುವ ಹಾಗಿಲ್ಲ ಅಲ್ವಾ.

ಜಾವಾಸ್ಕ್ರಿಪ್ಟ್‌ಗೆ ನೋಡ್, ಡೆನೊ, ಬನ್, ಕ್ವಿಕ್‌ಜೆಎಸ್ ಎಂಬ ನಾಲ್ಕು ರನ್‌ಟೈಮ್‌ಗಳನ್ನೂ ಅಕ್ಕಪಕ್ಕ ಇಟ್ಟು ಓಡಿಸಿದೆ. ಕ್ವಿಕ್‌ಜೆಎಸ್ ಕೆಲವೇ ಮಿಲಿಸೆಕೆಂಡಿನಲ್ಲಿ ಏಳುತ್ತದೆ, ಕೆಲವೇ ಎಂಬಿ ಸಾಕು, ನನಗೆ ತುಂಬ ಹಿಡಿಸಿತು. ಜಿಟ್ ಇಲ್ಲದ್ದರಿಂದ ಭಾರೀ ಲೂಪಿಗೆ ಏದುಸಿರು ಬಿಡುತ್ತದೆ. ಡೆನೊದ ಅನುಮತಿ ವ್ಯವಸ್ಥೆ ಫೈಲು, ನೆಟ್‌ವರ್ಕ್ ತಡೆಯುತ್ತದೆ ಸರಿ, ಸಿಪಿಯು ತಿನ್ನುವುದನ್ನು ತಡೆಯುವುದಿಲ್ಲ. ಅದೊಂದನ್ನೇ ನಂಬಿ ಸ್ಯಾಂಡ್‌ಬಾಕ್ಸ್ ಬಿಡಬೇಡಿ. ಬನ್ ಏಳುವುದು ನೋಡ್‌ಗಿಂತ ಬೇಗ. ಆದರೂ ನೋಡ್ ಇಟ್ಟುಕೊಂಡೆ. ಕಲಿಯುವವರು ಎರರ್ ಸಾಲನ್ನು ನಕಲಿಸಿ ಹುಡುಕಿದಾಗ ಉತ್ತರ ಸಿಗಬೇಕು, ಹೆಚ್ಚು ಸಿಗುವುದು ನೋಡ್‌ನದು.

ಜಿಟ್ ಇರುವ ಪೈಥಾನ್ ರನ್‌ಟೈಮ್ ಪೈಪೈ ಕೂಡ ಸುಮ್ನೆ ಓಡಿಸಿ ನೋಡಿದೆ. ಅವಿಭಾಜ್ಯ ಸಂಖ್ಯೆ ಹುಡುಕುವ ಲೂಪಿನಲ್ಲಿ ಹತ್ತು ಪಟ್ಟು ವೇಗ, ಐದು ಸಾಲಿನ ಪ್ರೋಗ್ರಾಮಿನಲ್ಲಿ ಸಿಪೈಥಾನ್‌ಗಿಂತ ನಿಧಾನ. ದೊಡ್ಡ ಲೆಕ್ಕಗಳಿಗೆ ಆಯ್ಕೆಯಾಗಿ ಬಿಟ್ಟಿದ್ದೇನೆ.

ಎರಡು ಚಿಕ್ಕ ಸಂಗತಿ, ಇವಕ್ಕೆ ದೂರು ಜಾಸ್ತಿ ಬರುತ್ತದೆ. ಸಮಯ ಮೀರಿ ಕೊಂದ ಪೈಥಾನ್ ಪ್ರೋಗ್ರಾಮಿನ ಔಟ್‌ಪುಟ್ ಖಾಲಿ ಕಾಣುತ್ತದೆ, ಪ್ರಿಂಟ್ ಮಾಡಿದ್ದೆಲ್ಲ ಹೊರಗೆ ಹೋಗುವ ಮೊದಲು ಕಾಯುವ ಬಫರಿನಲ್ಲೇ ಸತ್ತಿರುತ್ತದೆ. ಅನ್‌ಬಫರ್ಡ್ ಆಗಿ ಓಡಿಸಿ. ಇನ್ನೊಂದು, ಸ್ಯಾಂಡ್‌ಬಾಕ್ಸಿನೊಳಗೆ ಲೊಕೇಲ್ (ಭಾಷೆ, ಅಕ್ಷರ ಸಂಕೇತದ ಸೆಟ್ಟಿಂಗ್) ಖಾಲಿ ಇರುತ್ತದೆ. ಪೈಥಾನ್ ತಾನೇ ಯುಟಿಎಫ್-8ಕ್ಕೆ ಹೋಗುತ್ತದೆ, ಜಾವಾ ಮಾತ್ರ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನೆಚಿಹ್ನೆ ಸುರಿಯುತ್ತದೆ. ಲೊಕೇಲನ್ನು ಸಿ ಡಾಟ್ ಯುಟಿಎಫ್-8 ಎಂದು ಕೊಟ್ಟರೆ ಸರಿಹೋಗುತ್ತದೆ.

ಹತ್ತನೆಯ ಭಾಷೆಯಾಗಿ ಕೋಟ್ಲಿನ್ ಕೇಳುತ್ತಿದ್ದಾರೆ. ಅದರ ಕಂಪೈಲರ್ ತಣ್ಣಗೆ ಎದ್ದರೆ ನನ್ನ ಸರ್ವರಿನಲ್ಲಿ ಮೂರು ನಾಲ್ಕು ಸೆಕೆಂಡು ತಿನ್ನುತ್ತದೆ. ಜಾವಾದ ಹಾಗೆ ಬಿಸಿಯಾಗಿ ಇಟ್ಟು ನೋಡಿದ್ದೇನೆ, ಮೆಮೊರಿ ಬೆಳೆಯುತ್ತಾ ಹೋಗುತ್ತಿದೆ. ಒಂದು ಸೆಕೆಂಡಿಗೆ ಇಳಿಯುವ ತನಕ ತೆರೆಯುವುದಿಲ್ಲ.