ಸ್ಲ್ಯಾಬ್ ಕುಗ್ಗುವಾಗ ಹಿಡಿದಿಡುವುದೇನು: ನಾನು ಲೆಕ್ಕ ಹಾಕುವ ಬಗೆ

ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ (ಶ್ರಿಂಕೇಜ್), ಆದರೆ ತಡೆಯಿಲ್ಲದೆ ಕುಗ್ಗುವ ಸ್ಲ್ಯಾಬ್ ದಪ್ಪವನ್ನೆಲ್ಲ ಸೀಳುವಂತೆ ಬಿರುಕು ಬಿಡುವುದಿಲ್ಲ. ಅದಕ್ಕೇ ನಾನು ಮೊದಲು ನೋಡುವುದು ಶ್ರಿಂಕೇಜ್ ಅಂಕಿಯನ್ನಲ್ಲ, ಪ್ಲಾನಿನಲ್ಲಿ ಶಿಯರ್ ವಾಲ್ (ಅಡ್ಡ ಬಲ ತಡೆಯುವ ಕಾಂಕ್ರೀಟ್ ಗೋಡೆ) ಎಲ್ಲೆಲ್ಲಿ ನಿಂತಿದೆ ಎಂಬುದನ್ನು. ಲಿಫ್ಟ್ ಕೋರ್ (ಲಿಫ್ಟಿನ ಸುತ್ತಲಿನ ಗೋಡೆಗಳ ಗೂಡು) ನಡುವಿನಲ್ಲಿದ್ದರೆ ಸ್ಲ್ಯಾಬ್ ಎರಡೂ ಕಡೆಯಿಂದ ಅದರತ್ತ ಸರಿದುಕೊಳ್ಳುತ್ತದೆ. ಎರಡು ತುದಿಗೂ ಗೋಡೆ ಬಂದಿದ್ದರೆ ಕೂತು ಲೆಕ್ಕ ಹಾಕಲೇಬೇಕು.

48 ಮೀಟರ್ ಉದ್ದ, 200 ಮಿ.ಮೀ. ದಪ್ಪದ ಸ್ಲ್ಯಾಬಿನಲ್ಲಿ 8 ಮೀಟರ್ ಅಗಲದ ಪಟ್ಟಿ ತೆಗೆದುಕೊಳ್ಳಿ. ನಡುವಿನಿಂದ ತುದಿಗೆ 24 ಮೀಟರ್. 400 ಮೈಕ್ರೋಸ್ಟ್ರೇನ್ (ಉದ್ದದ ಹತ್ತು ಲಕ್ಷದಲ್ಲಿ 400 ಪಾಲು) ಶ್ರಿಂಕೇಜ್ ಎಂದರೆ ತುದಿ 9.6 ಮಿ.ಮೀ. ಒಳಗೆ ಬರಬೇಕು. ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣಾಂಕ ಇ 30,000 ಎಂಪಿಎ (ಚದರ ಮಿ.ಮೀ.ಗೆ ನ್ಯೂಟನ್) ಹಿಡಿದರೆ ಪಟ್ಟಿಯ ಬಿಗಿತ (ಇಎ/ಎಲ್; ಎ ಅಡ್ಡಕೊಯ್ತದ ವಿಸ್ತೀರ್ಣ, ಎಲ್ ಉದ್ದ) ಮಿ.ಮೀ.ಗೆ 2,000 ಕಿಲೋನ್ಯೂಟನ್. 3.5 ಮೀಟರ್ ಎತ್ತರದ 500 ಮಿ.ಮೀ. ಚೌಕ ಕಾಲಂ, 12ಇಐ/ಎಚ್³ ಪ್ರಕಾರ (ಐ ಅಡ್ಡಕೊಯ್ತದ ಜಡತ್ವ ಮಹತ್ವ, ಎಚ್ ಎತ್ತರ), ಬರೀ 44. ತಡೆಯ ಪಾಲು (ಕುಗ್ಗುವಿಕೆಯಲ್ಲಿ ತಡೆಹಿಡಿಯಲ್ಪಡುವ ಭಾಗ) 44/2,044, ಅಂದರೆ 2 ಶೇಕಡಾ. ಅದೇ ಜಾಗದಲ್ಲಿ ಸ್ಲ್ಯಾಬ್ ಕುಗ್ಗುವ ದಿಕ್ಕಿಗೇ 3 ಮೀಟರ್ ಉದ್ದ, 200 ಮಿ.ಮೀ. ದಪ್ಪದ ಗೋಡೆ ಇದ್ದರೆ ಸುಮಾರು 1,200. ಪಾಲು 38 ಶೇಕಡಾ. ಇಲ್ಲಿ ಬಾಗುವಿಕೆಯನ್ನಷ್ಟೇ ಹಿಡಿದು ಶಿಯರ್ ವಿರೂಪ (ಗೋಡೆ ಓರೆಯಾಗಿ ಜಾರುವುದು) ಬಿಟ್ಟರೆ ಗೋಡೆಯ ಬಿಗಿತ 3,780 ಎಂದು ಬಂದುಬಿಡುತ್ತದೆ. ಫೌಂಡೇಷನ್ ಸ್ವಲ್ಪ ತಿರುಗುತ್ತದೆ, ಗೋಡೆಯೂ ಬಿರುಕು ಬಿಡುತ್ತದೆ. ಹಾಗಾಗಿ ಬಿಗಿತ ಅರ್ಧಕ್ಕಿಳಿಸಿ ಇನ್ನೊಮ್ಮೆ ನೋಡುತ್ತೇನೆ: 23 ಶೇಕಡಾ. ನಿಜ ಈ ಎರಡರ ನಡುವೆ ಎಲ್ಲೋ ಇರುತ್ತದೆ.

ಮುಂದಿನದು ಕ್ರೀಪ್, ಅಂದರೆ ಸತತ ಒತ್ತಡದಲ್ಲಿ ಕಾಂಕ್ರೀಟ್ ನಿಧಾನವಾಗಿ ವಿರೂಪಗೊಳ್ಳುತ್ತಾ ಹೋಗುವುದು. ಕುಗ್ಗುವಿಕೆ ತಿಂಗಳುಗಟ್ಟಲೆ ನಡೆಯುವುದರಿಂದ ಇ ಅನ್ನು 2.6ರಿಂದ ಭಾಗಿಸುತ್ತೇನೆ (ಕ್ರೀಪ್ ಗುಣಾಂಕ 2, ವಯಸ್ಸಿನ ಗುಣಾಂಕ 0.8; 1 + 2 × 0.8). ಆಗ ಎಳೆತದ ಒತ್ತಡ ಪೂರ್ತಿ ತಡೆಗೆ 4.6 ಎಂಪಿಎ, 38 ಶೇಕಡಾಕ್ಕೆ 1.75. ಕಾಂಕ್ರೀಟಿನ ಎಳೆತದ ಶಕ್ತಿ 2.5ರ ಆಸುಪಾಸು, ಭಾರದ ಬಾಗುವಿಕೆ ಸೇರಿದರೆ ಬಿರುಕು ಖಚಿತ. ಸಾಫ್ಟ್‌ವೇರಿನಲ್ಲಿ 400 ಮೈಕ್ರೋಸ್ಟ್ರೇನಿಗೆ ಸಮವೆಂದು 40 ಡಿಗ್ರಿ ತಂಪು ಹಾಕಿ, ಇ ಹಾಗೇ ಬಿಡುವವರಿಗೆ ಉತ್ತರ ಎರಡೂವರೆ ಪಟ್ಟು ಮೀರಿ ಬರುತ್ತದೆ. ಹಾಕಬೇಕಾದ್ದು 15 ಡಿಗ್ರಿ.

ಎಲ್ಲ ಮಹಡಿಗೂ ಒಂದೇ ತಂಪು ಕೊಟ್ಟರೆ ಮೇಲಿನ ಮಹಡಿಗಳಲ್ಲಿ ಒತ್ತಡವೇ ಕಾಣದು, ಏಕೆಂದರೆ ಅವೆಲ್ಲ ಜೊತೆಯಾಗಿ ಕುಗ್ಗುತ್ತವೆ. ಕುಗ್ಗದ ಫೌಂಡೇಷನ್ನಿನ ಮೇಲಿರುವ ಮೊದಲ ಸ್ಲ್ಯಾಬಿಗೇ ಹೆಚ್ಚು ಕಷ್ಟ. ಆದರೂ ವಯಸ್ಸಿನ ಅಂತರ ಮರೆಯಬಾರದು. ಎಸಿಐ 209ರ (ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ ವರದಿ) ಟಿ/(35+ಟಿ) ಸೂತ್ರದಲ್ಲಿ (ಟಿ ಎಂದರೆ ಒಣಗಿದ ದಿನಗಳು) 21 ದಿನಕ್ಕೆ 37.5 ಶೇಕಡಾ ಕುಗ್ಗುವಿಕೆ ಮುಗಿದಿರುತ್ತದೆ. ಕೆಳಗಿನ ಸ್ಲ್ಯಾಬ್ 21 ದಿನ ಹಳೆಯದಾದರೆ ಮೇಲಿನದು ಅದಕ್ಕಿಂತ 150 ಮೈಕ್ರೋಸ್ಟ್ರೇನ್ ಹೆಚ್ಚು ಕುಗ್ಗಬೇಕಾಗುತ್ತದೆ.

ಇದೇ ಸೂತ್ರ ನಂಬಿ ಪೋರ್ ಸ್ಟ್ರಿಪ್ಪನ್ನು (ಎರಡು ಭಾಗಗಳು ಬೇರೆಬೇರೆಯಾಗಿ ಕುಗ್ಗಲೆಂದು ನಡುವೆ ಬಿಟ್ಟು, ಆಮೇಲೆ ಕಾಂಕ್ರೀಟ್ ತುಂಬುವ ಪಟ್ಟಿ) 28 ದಿನಕ್ಕೆ ಮುಚ್ಚಿದರೆ 44 ಶೇಕಡಾ ಮುಗಿದಿದೆ ಎನಿಸುತ್ತದೆ. ಆದರೆ ಅದು ತೆಳು ಮಾದರಿಗೆ ಹೊಂದುವ ವೇಗ, 200 ಮಿ.ಮೀ. ಸ್ಲ್ಯಾಬ್ ನಿಧಾನವಾಗಿ ಒಣಗುತ್ತದೆ. ನಾನು 60 ದಿನ ಕೇಳುತ್ತೇನೆ. ಸ್ಟ್ರಿಪ್ ದಾಟುವ ಕಂಬಿಗಳನ್ನು ಅಲ್ಲೇ ಕತ್ತರಿಸಿ ಲ್ಯಾಪ್ ಕೊಡಬೇಕು (ತುದಿಗಳು ಒಂದರ ಪಕ್ಕ ಒಂದು ಬರುವಂತೆ ಜೋಡಿಸಬೇಕು). ಅಖಂಡವಾಗಿ ಬಿಟ್ಟರೆ ಎರಡು ಭಾಗಗಳನ್ನೂ ಕಟ್ಟಿಹಾಕಿದಂತೆಯೇ.

ಉಳಿದ ತಡೆಗೆ ಉಕ್ಕು. 2.5 ಎಂಪಿಎಯನ್ನು 500 ಗ್ರೇಡ್ (500 ಎಂಪಿಎಗೆ ಯೀಲ್ಡ್ ಆಗುವ, ಅಂದರೆ ಮರಳದಂತೆ ಹಿಗ್ಗತೊಡಗುವ) ಕಂಬಿ ಹೊರಬೇಕಾದರೆ 0.5 ಶೇಕಡಾ ಬೇಕು: 200 ಮಿ.ಮೀ. ಸ್ಲ್ಯಾಬಿಗೆ ಮೇಲೆ ಕೆಳಗೆ ಎರಡೂ ಕಡೆ 10 ಮಿ.ಮೀ. ಕಂಬಿ, 150 ಮಿ.ಮೀ.ಗೊಂದರಂತೆ. 0.12 ಶೇಕಡಾ ಕನಿಷ್ಠ ಉಕ್ಕಿದ್ದರೆ ಮೊದಲ ಬಿರುಕಿನಲ್ಲೇ ಕಂಬಿ ಯೀಲ್ಡ್ ಆಗಿ, ಕುಗ್ಗುವಿಕೆಯೆಲ್ಲ ಅದೊಂದೇ ಬಿರುಕಿನಲ್ಲಿ ಬಾಯ್ದೆರೆಯುತ್ತದೆ.