ತಗಡಿನ ಗುಡುಗು

ಕೊನೆಗೂ ಮುಂಬೈ ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ, ನಾಟಕದ ಗುಡುಗಿನ ಸದ್ದಿಗೆಂದು ನಾನು ನೇತುಹಾಕಿದ ತಗಡು ಗುಡುಗಿತು. "ಪೆನ್‌ಡ್ರೈವ್ ಇರುವಾಗ ತಗಡು ಯಾಕ್ರೀ?" ಎಂದು ಎರಡು ತಿಂಗಳು ಕಾಡಿದ ನಮ್ಮ ನಿರ್ದೇಶಕರೇ ನಾಟಕ ಮುಗಿದ ಮೇಲೆ ಸೈಡ್‌ವಿಂಗಿಗೆ ಬಂದು ಅದನ್ನು ಮುಟ್ಟಿ ನೋಡಿದರು.

ರೆಕಾರ್ಡ್ ಮಾಡಿದ ಗುಡುಗಿನ ಕಥೆ ನಿಮಗೂ ಗೊತ್ತಲ್ವಾ. ಹೋದ ಸಲ ಬ್ಲೂಟೂತ್ ಸ್ಪೀಕರ್ ಇಟ್ಟಿದ್ದೆವು. ಬಟನ್ ಒತ್ತಿದ ಮೇಲೆ ಸದ್ದು ಬರಲು ಅರೆಕ್ಷಣ ತಡ. ಅಜ್ಜನ ಪಾತ್ರದವನು ಮೊದಲು ಬೆಚ್ಚಿಬಿದ್ದ, ಗುಡುಗು ಆಮೇಲೆ ಬಂತು. ಜನ ನಕ್ಕರು. ಅದು ಸಾವಿನ ಸೀನು!

ಮೊದಲ ತಗಡು ಕುರ್ಲಾ ಗುಜರಿಯದು, 18 ಗೇಜ್ (ಗೇಜ್ ನಂಬರ್ ಕಡಿಮೆಯಾದಷ್ಟೂ ತಗಡು ದಪ್ಪ), ಸುಮಾರು 700 ರೂಪಾಯಿ. ತಗಡು ದಪ್ಪ ಇದ್ದಷ್ಟೂ ಗುಡುಗು ಜೋರು ಅಂದುಕೊಂಡಿದ್ದೆ. ಅಲ್ಲಾಡಿಸಿದರೆ ಅಂಗಡಿ ಶಟರ್ ಎಳೆದ ಹಾಗೆ. 28 ಗೇಜಿನದು ತಂದೆ, ಅದು ಬರೀ ಪರಪರ. ಕೊನೆಗೆ 24 ಗೇಜಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಶೀಟು, ಆರಡಿಗೆ ಮೂರಡಿ, ಸಾವಿರದ ಹತ್ತಿರ ಆಯಿತು. ಸುರುಳಿ ಸುತ್ತಿ ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಡೊಂಬಿವಿಲಿಗೆ ಒಯ್ಯುವಾಗ ಗಾಡಿ ಕುಲುಕಿದಾಗಲೆಲ್ಲ ಗುರ್ ಅನ್ನುತ್ತಿತ್ತು. ಮೀನುಬುಟ್ಟಿಯ ಮಾವಶಿಯೊಬ್ಬರು ಬಾಗಿಲಿಗೆ ಹೋಗಿ ಮೋಡ ನೋಡಿ ಬಂದರು. ಆಗಲೇ ನನಗೆ ಗ್ಯಾರಂಟಿ ಆಯಿತು.

ನೇತುಹಾಕುವುದರಲ್ಲೂ ಎಡವಿದೆ. ತಗಡಿಗೇ ತೂತು ಕೊರೆದು ಹಗ್ಗ ಕಟ್ಟಿದ್ದೆ, ಮೂರನೇ ರಿಹರ್ಸಲ್‌ಗೆ ತೂತು ಹರಿದು ಶೀಟು ನನ್ನ ಕಾಲ ಮೇಲೆಯೇ ಬಿತ್ತು. ಈಗ ಮೇಲಂಚಿಗೆ ಎರಡೂ ಕಡೆ ಮರದ ರೀಪು ಕೊಟ್ಟು ಬೋಲ್ಟ್ ಹಾಕಿದ್ದೇನೆ, ಕೆಳಗೆ ಹಿಡಿಯಲು ಇನ್ನೊಂದು ತುಂಡು. ತೋಳಿನಿಂದ ಜಗ್ಗಬೇಡಿ, ಮಣಿಕಟ್ಟು ಸಾಕು. ದೂರದ ಗುಡುಗಿಗೆ ಮೊಣಕಾಲು ಸುಮ್ನೆ ತಾಗಿಸಿದರೂ ಆಯಿತು. ಸದ್ದನ್ನು ತಟ್ಟನೆ ನಿಲ್ಲಿಸುವ ಉಪಾಯ ಮಾತ್ರ ಹೇಳುವುದಿಲ್ಲ, ಬೇಕಿದ್ದರೆ ರಿಹರ್ಸಲ್‌ಗೆ ಬನ್ನಿ.

ಜೊತೆಗೆ ಮಳೆಯನ್ನೂ ಪ್ರಯತ್ನಿಸಿದೆ, ಬಿದಿರಿನ ಮೊರದಲ್ಲಿ. ರಾಜ್ಮಾ ಹಾಕಿದರೆ ಆಲಿಕಲ್ಲು. ರಾಗಿ ಹಾಕಿದರೆ ಯಾರೋ ಪಿಸುಗುಟ್ಟಿದ ಹಾಗೆ. ಹುರುಳಿ ಸರಿಹೋಯಿತು, ಆದರೆ ಅದರ ಜೊತೆ ಇನ್ನೊಂದು ಕಾಳೂ ಇದೆ. ಸಾರಿಗೆ ಇಟ್ಟಿದ್ದ ಹುರುಳಿ ಎಲ್ಲಿ ಎಂದು ಮನೆಯಲ್ಲಿ ಬೈಸಿಕೊಂಡದ್ದು ಬೇರೆ.

ಶೋ ದಿನ ಅದೇ ಅಜ್ಜ ಮಾತಿನ ನಡುವೆ ನಿಂತುಬಿಟ್ಟ. ಮರೆತನೋ, ಬೇಕೆಂದೇ ನಿಂತನೋ, ಇವತ್ತಿಗೂ ಹೇಳಿಲ್ಲ. ನಾನು ಹಿಡಿ ಹಿಡಿದು ಕಾದೆ. ಅವನು ತಲೆ ಎತ್ತಿದ, ನಾನು ಬಿಟ್ಟೆ. ಈ ಸಲ ಯಾರೂ ನಗಲಿಲ್ಲ.

ಕೆಟ್ಟ ತಗಡುಗಳೂ ಸೇರಿ 3,000 ಆಸುಪಾಸು ಖರ್ಚಾಯಿತು. 28 ಗೇಜಿನದು ಈಗ ನಮ್ಮ ಕಿಟಕಿಯ ಮೇಲಿನ ಮಾಡು. ಮೊನ್ನೆ ಅದರ ಮೇಲೆ ನಿಜವಾದ ಮಳೆ ಬಿತ್ತು. ಕೇಳಿದೆ. ನನ್ನ ಹುರುಳಿಯೇ ವಾಸಿ.